ಎರಗುವ ಹಕ್ಕಿಯೂ ನೋಡುವವನ ಧರ್ಮವೂ

ಒಂದು ಪ್ರಾಣಿಯು ಮತ್ತೊಂದು ಪ್ರಾಣಿಯನ್ನು ಕೊಲ್ಲುವುದನ್ನು ಕಣ್ಣಾರೆ ಕಂಡ ಮನುಷ್ಯನು ಮಾಡತಕ್ಕದ್ದೇನು? ತಡೆಯಬೇಕೆ, ಸುಮ್ಮನೆ ನಿಲ್ಲಬೇಕೆ, ಅಥವಾ ಕಣ್ಣು ಮುಚ್ಚಿಕೊಂಡು ಹಿಂದಿರುಗಬೇಕೆ? ಇದು ಕೇವಲ ಶಾಸ್ತ್ರಚರ್ಚೆಯ ಸಭೆಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಉತ್ತರಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಲ್ಲಿ, ಚಳಿಗಾಲದ ಬೆಳಗಿನಲ್ಲಿ ಯಾವುದಾದರೊಂದು ಕೆರೆಯ ಏರಿಯ ಮೇಲೆ ಅರ್ಧ ತಾಸು ನಿಂತವನಿಗೆ ಈ ಪ್ರಶ್ನೆಯು ತಾನಾಗಿಯೇ ಎದುರಾಗುವುದು.

ಮುಂಡಗೋಡದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ ಅತ್ತಿವೇರಿ ಎಂಬ ಗ್ರಾಮವುಂಟು. ಅಲ್ಲಿಯ ಜಲಾಶಯವೂ ಅದರ ಸುತ್ತಣ ಭೂಮಿಯೂ ಸೇರಿ 2.23 ಚದರ ಕಿಲೋಮೀಟರಿನಷ್ಟು ಪ್ರದೇಶವು ಪಕ್ಷಿಧಾಮವಾಗಿರುವುದು. ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು, ಚಮಚದಂಥ ಕೊಕ್ಕಿನ ಹಕ್ಕಿ ಮೊದಲಾದವು ಅಲ್ಲಿ ನೆರೆಯುತ್ತವೆ. ಪಡುವಲಿನಲ್ಲಿ ಜೋಯಿಡಾದ ಕಾಡಿನಲ್ಲಿ ಹುಟ್ಟಿದ ಕಾಳೀನದಿಯು ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟಿನಲ್ಲಿ ತಂಗಿ, ದಾಂಡೇಲಿಯನ್ನು ಹಾದು ಕಡಲಿನತ್ತ ಇಳಿಯುವುದು. ಹಳಿಯಾಳ ಮುಂಡಗೋಡಗಳ ಕಡೆಗೆ ಬಂದಂತೆಲ್ಲ ಕಾಡು ತೆಳುವಾಗಿ ಗದ್ದೆಗಳೂ ಕೆರೆಗಳೂ ಹೆಚ್ಚುತ್ತವೆ. ಮುಂಡಗೋಡ ತಾಲೂಕಿನ ಮಳಗಿಯ ಬಳಿ ಒಂದು ನದಿಗೆ ಅಣೆಕಟ್ಟಿದೆ. ಆ ನದಿಯ ಹೆಸರೇ ಧರ್ಮಾ. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ನೀರುಹಕ್ಕಿ, ನೀರುಹಕ್ಕಿಯಿದ್ದಲ್ಲಿ ಅದನ್ನು ಹಿಡಿಯುವ ಹಕ್ಕಿ ಇರುವುದು ಪ್ರಕೃತಿಯ ಕ್ರಮವೇ ಆಗಿದೆ.

ಕಾರ್ತಿಕದಿಂದ ಫಾಲ್ಗುಣದವರೆಗೆ ಇಂಥ ನೀರಿನ ತಾಣಗಳಲ್ಲಿ ನಡೆಯುವುದೇನೆಂದರೆ: ನಡುನೀರಿನಲ್ಲಿ ನಾಮದ ಕೋಳಿಗಳ ಹಿಂಡು ಚದರಿ ಮೇಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಅವು ಒಂದನ್ನೊಂದು ಒತ್ತಿಕೊಂಡು ಗುಂಪಾಗುತ್ತವೆ. ಬೆಳ್ಳಕ್ಕಿಗಳು ಏಳುತ್ತವೆ. ಜಂಬಿನ ಮೇಲೆ, ಆಳೆತ್ತರಕ್ಕಿಂತ ತುಸು ಮೇಲಿನಿಂದ, ಒಂದು ಕಂದು ಬಣ್ಣದ ಹಕ್ಕಿಯು ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು ತೇಲುತ್ತ ಬರುತ್ತದೆ. ಅದು ಉತ್ತರದ ನಾಡುಗಳಿಂದ ಚಳಿಗಾಲಕ್ಕೆ ಬರುವ, ಪಕ್ಷಿಗಳ ಪುಸ್ತಕಗಳಲ್ಲಿ ಜೌಗುಸೆಳೆವವೆಂದು ಹೆಸರಾದ ಗಿಡುಗ. ಬಹಳ ಸಲ ಅದು ಎರಗಿ ಬರಿಗಾಲಿನಿಂದಲೇ ಮೇಲೇಳುವುದು. ಎಂದಾದರೊಮ್ಮೆ ಹಿಂಡಿನಿಂದ ಅಗಲಿದ, ಇಲ್ಲವೆ ಮೊದಲೇ ಬಲಗುಂದಿದ ಹಕ್ಕಿಯೊಂದು ಅದರ ಉಗುರಿಗೆ ಸಿಕ್ಕುವುದು. ಉಳಿದವು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೇಯಲು ತೊಡಗುತ್ತವೆ.

ಏರಿಯ ಮೇಲೆ ನಿಂತು ನೋಡುವವರಲ್ಲಿ ಮೂರು ಬಗೆಯವರು ಕಾಣಸಿಗುವರು. ಮೊದಲನೆಯವನು ದಯಾಳು, ಅವನು ಚಪ್ಪಾಳೆ ತಟ್ಟಿ, ಕಲ್ಲೆಸೆದು, ಗಿಡುಗವನ್ನು ಓಡಿಸಲು ನೋಡುವನು. ಎರಡನೆಯವನು ವಿನೋದಪ್ರಿಯ, ಎರಗಿದ ವೇಗವನ್ನು ಕಂಡು ಭಲೆ ಎನ್ನುವನು. ಮೂರನೆಯವನು ಉದಾಸೀನ, ಲೋಕವೇ ಹೀಗೆ, ಇದರಲ್ಲಿ ವಿಚಾರಿಸತಕ್ಕದ್ದೇನೂ ಇಲ್ಲವೆಂದು ಮುಂದೆ ಸಾಗುವನು. ಈ ಮೂವರಲ್ಲಿ ಯಾರು ಸರಿ? ಮೇಲ್ನೋಟಕ್ಕೆ ದಯಾಳುವೇ ಸರಿಯೆಂದು ತೋರುವುದು. ಆದರೆ ವಿಚಾರವು ಮೇಲ್ನೋಟದಲ್ಲಿ ಮುಗಿಯಬಾರದಷ್ಟೆ.

ತೀರ್ಪು ಕೊಡುವುದಕ್ಕೆ ಮುಂಚೆ ಎದುರಿಗಿರುವವರು ಯಾರೆಂದು ತಿಳಿಯುವುದು ನ್ಯಾಯದ ಮೊದಲ ಮೆಟ್ಟಲು. ಬೇಟೆಯ ಹಕ್ಕಿಗಳ ವಿಷಯದಲ್ಲಿ ಈ ಮೆಟ್ಟಲನ್ನೇ ಬಹುಜನರು ಹತ್ತುವುದಿಲ್ಲ. ಬಾಗಿದ ಕೊಕ್ಕೂ ಉಗುರೂ ಕಂಡೊಡನೆ ಎಲ್ಲವನ್ನೂ ಹದ್ದೆಂದು ಒಂದೇ ಹೆಸರಿನಿಂದ ಕರೆದು ಮುಗಿಸುವರು. ಆದರೆ ಒಂದೊಂದರ ಜೀವನಕ್ರಮವೂ ಬೇರೆಬೇರೆ. ಇಂಗ್ಲಿಷಿನಲ್ಲಿ ಆಸ್ಪ್ರೆಯೆಂದೂ ಕನ್ನಡದಲ್ಲಿ ಡೇಗೆಯೆಂದೂ ಕರೆಯಲಾಗುವ ಮೀನುಗಿಡುಗವು ಬಹುಮಟ್ಟಿಗೆ ಮೀನೊಂದನ್ನೇ ತಿಂದು ಬದುಕುವುದು. ಕೆಳಗೆ ಬಿಳುಪು, ಮೇಲೆ ಕಂದು, ಕಣ್ಣಿನ ಮೇಲಿನಿಂದ ಹಾದ ಕಪ್ಪು ಪಟ್ಟೆ. ಕಾಲುಗಳನ್ನು ಮುಂದೆ ಚಾಚಿ ನೀರಿಗೆ ಬೀಳುವುದು. ಹೊರಬೆರಳನ್ನು ಹಿಂದಕ್ಕೆ ತಿರುಗಿಸಿ, ಜಾರುವ ಮೀನನ್ನು ಮುಳ್ಳುಮುಳ್ಳಾದ ಪಾದದಲ್ಲಿ ಬಿಗಿಹಿಡಿದು, ಮೀನಿನ ತಲೆ ಮುಂದಾಗುವಂತೆ ಹೊತ್ತು ಹಾರುವುದು. ಊರಿನ ಹದ್ದಾದರೋ ಸತ್ತುದನ್ನೂ ಬಿಸುಟುದನ್ನೂ ತಿಂದು ನೆಲವನ್ನು ಶುಚಿಗೊಳಿಸುವುದು. ಅದರ ಬಾಲ ಕವಲೊಡೆದಿರುವುದು.

ಈ ವಿಷಯದಲ್ಲಿ ಗರುಡನ ದೃಷ್ಟಾಂತವು ವಿಚಾರಾರ್ಹವಾದುದು. ಬಿಳಿಯ ತಲೆ, ಬಿಳಿಯ ಎದೆ, ಮಿಕ್ಕ ಮೈಯೆಲ್ಲ ಹೊಂಗೆಂಪಾದ ಈ ಹಕ್ಕಿಯನ್ನು ವಿಷ್ಣುವಾಹನನೆಂದು ಭಾವಿಸಿ, ಕಂಡೊಡನೆ ಕೈ ಮುಗಿಯುವ ಪದ್ಧತಿ ಅನೇಕ ಮನೆಗಳಲ್ಲಿ ಉಂಟು. ಆದರೆ ಇದೇ ಗರುಡನು ಎಳೆಯ ಪ್ರಾಯದಲ್ಲಿ ಕೆಂಪೂ ಅಲ್ಲ, ಬಿಳುಪೂ ಅಲ್ಲ. ಮೈಯೆಲ್ಲ ಮಾಸಲು ಕಂದು. ಆಗ ಅದನ್ನು ಊರಿನ ಹದ್ದಿನಿಂದ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಸುಲಭವಲ್ಲ. ಬಾಲದ ತುದಿಯು ಕವಲೊಡೆಯದೆ ದುಂಡಾಗಿರುವುದೇ ಮುಖ್ಯವಾದ ಗುರುತು. ಈ ಗುರುತನ್ನು ಅರಿಯದವನು ತಾಯಿಗೆ ಕೈ ಮುಗಿದು ಅದೇ ಗಳಿಗೆಯಲ್ಲಿ ಮರಿಗೆ ಕಲ್ಲೆಸೆಯುವುದು ಅಸಂಭವವೇನಲ್ಲ. ಹಾಗಾದರೆ ಅವನು ಪೂಜಿಸಿದುದು ಏನನ್ನು, ನಿಂದಿಸಿದುದು ಏನನ್ನು? ಎರಡನ್ನೂ ಬಣ್ಣಕ್ಕಾಗಿ ಮಾಡಿದನಲ್ಲದೆ ಹಕ್ಕಿಗಾಗಿ ಮಾಡಲಿಲ್ಲ. ಗುರುತಿಸುವ ವಿದ್ಯೆಯು ಕೇವಲ ಕಾಲಹರಣದ ವಿನೋದವೆಂದು ಎಣಿಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಜ್ಞಾನದಿಂದ ಮಾಡಿದ ಗೌರವವೂ ಅಜ್ಞಾನದಿಂದ ಮಾಡಿದ ದ್ವೇಷದಷ್ಟೇ ಅಸ್ಥಿರವಾದುದು.

ಇನ್ನು ಪ್ರಕೃತ ಪ್ರಶ್ನೆಗೆ ಬರೋಣ. ಕೊಲೆಯನ್ನು ಕಂಡು ಮನುಷ್ಯಹೃದಯವು ಕರಗಿದುದರಿಂದಲೇ ಆದಿಕಾವ್ಯವು ಹುಟ್ಟಿತೆಂದು ಪ್ರಸಿದ್ಧಿಯಿದೆ. ತಮಸಾ ನದಿಯ ತೀರದಲ್ಲಿ ಬೇಡನು ಕ್ರೌಂಚಗಳ ಜೋಡಿಯಲ್ಲಿ ಒಂದನ್ನು ಹೊಡೆದನು. ವಾಲ್ಮೀಕಿಯಲ್ಲಿ ಎರಡು ಭಾವಗಳು ಒಟ್ಟಿಗೆ ಎದ್ದುವು: ಉಳಿದ ಹಕ್ಕಿಗಾಗಿ ಶೋಕ, ಬೇಡನಿಗೆ ಶಾಪ. ಇಲ್ಲಿ ಒಂದು ಶಂಕೆಯನ್ನು ಎತ್ತಬಹುದು. ಆ ಕ್ರೌಂಚವನ್ನು ಕೆಡಹಿದುದು ಬೇಡನ ಬಾಣವಲ್ಲದೆ ಗಿಡುಗದ ಉಗುರಾಗಿದ್ದರೆ ಮಹರ್ಷಿಯು ಏನು ಮಾಡುತ್ತಿದ್ದನು? ಶೋಕವು ಆಗಲೂ ಹುಟ್ಟುತ್ತಿತ್ತು. ಒಂಟಿಯಾದ ಹಕ್ಕಿಯ ಕೂಗು ಬದಲಾಗುತ್ತಿರಲಿಲ್ಲ. ಆದರೆ ಶಾಪವು? ಗಿಡುಗವನ್ನು ಶಪಿಸುವ ಋಷಿಯನ್ನು ಕಲ್ಪಿಸಿಕೊಂಡರೆ ನಗು ಬರುವುದು. ಮಳೆಯನ್ನೂ ಬೆಂಕಿಯನ್ನೂ ಶಪಿಸಿದಂತೆ ಅದು ನಿರರ್ಥಕವಾಗುವುದು. ಏಕೆಂದರೆ ಶಾಪವು ಬೇರೆ ದಾರಿಯಿದ್ದವನಿಗೆ ಮಾತ್ರ ತಗಲುವುದು. ಬೇಡನು ಆ ಕ್ಷಣದಲ್ಲಿ ಬಿಲ್ಲನ್ನು ಇಳಿಸಬಹುದಾಗಿತ್ತು; ಗಿಡುಗಕ್ಕೆ ಇಳಿಸಲು ಬಿಲ್ಲೇ ಇಲ್ಲ, ಅದರ ದೇಹವೇ ಅದರ ಬಿಲ್ಲು.

ಆದುದರಿಂದ ಶೋಕ ಬೇರೆ, ದೂಷಣೆ ಬೇರೆ. ಸಾಯುವ ಜೀವಕ್ಕಾಗಿ ಮರುಗುವುದು ಎಲ್ಲ ಕಾಲಕ್ಕೂ ಸರಿ. ಕೊಲ್ಲುವ ಜೀವವನ್ನು ಪಾಪಿಯೆನ್ನುವುದು ಅದಕ್ಕೆ ಆಯ್ಕೆಯಿದ್ದಾಗ ಮಾತ್ರ ಸರಿ. ಈ ಎರಡನ್ನು ಬೆರಸುವುದರಿಂದಲೇ ಲೋಕದಲ್ಲಿ ಅನೇಕ ತಪ್ಪು ತೀರ್ಪುಗಳು ಹುಟ್ಟುತ್ತವೆ.

ಇದನ್ನೇ ಇನ್ನೊಂದು ಬಗೆಯಿಂದ ನೋಡಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ಜೊತೆಗೆ ಶ್ಯೇನವಿನೋದವನ್ನೂ ವರ್ಣಿಸಿರುವನು. ಪಳಗಿಸಿದ ಗಿಡುಗವನ್ನು ಹಕ್ಕಿಗಳ ಮೇಲೆ ಬಿಟ್ಟು ಆನಂದಿಸುವ ಬೇಟೆ ಅದು. ಸಾಳುವವೆಂಬ ಬೇಟೆಯ ಹಕ್ಕಿಯ ಹೆಸರು ವಿಜಯನಗರವನ್ನಾಳಿದ ಒಂದು ರಾಜವಂಶಕ್ಕೇ ಬಿರುದಾಗಿ ನಿಂತಿತು. ರಾಜನ ಮುಂಗೈಯಿಂದ ಹಾರಿದ ಗಿಡುಗಕ್ಕೂ ಅತ್ತಿವೇರಿಯ ಜಂಬಿನಿಂದ ಎದ್ದ ಗಿಡುಗಕ್ಕೂ ಉಗುರಿನಲ್ಲಿ ಭೇದವಿಲ್ಲ. ಸಾಯುವ ಹಕ್ಕಿಯ ನೋವಿನಲ್ಲಿಯೂ ಭೇದವಿಲ್ಲ. ಆದರೆ ಮೊದಲನೆಯದರ ಹಿಂದೆ ಬಿಟ್ಟ ಕೈಯೊಂದಿದೆ. ಅಲ್ಲಿ ಹಕ್ಕಿಯು ಆಯುಧ, ಕರ್ತೃ ರಾಜನು. ಎರಡನೆಯದರ ಹಿಂದೆ ಹಸಿವೆಯಲ್ಲದೆ ಮತ್ತಾರೂ ಇಲ್ಲ. ಹೀಗೆ ಕರ್ಮದ ಭಾರವು ಉಗುರಿಗಲ್ಲ, ಸಂಕಲ್ಪಕ್ಕೆ ಅಂಟುವುದೆಂದು ಸಿದ್ಧವಾಯಿತು. ಕೊಲೆಯನ್ನು ಕಣ್ಣಿಗೆ ಹಬ್ಬವಾಗಿಸಿಕೊಳ್ಳುವ ವಿನೋದಪ್ರಿಯನು ಕೈಯಿಂದ ಗಿಡುಗವನ್ನು ಬಿಡದಿದ್ದರೂ ಮನಸ್ಸಿನಿಂದ ಬಿಟ್ಟಂತೆಯೇ. ವೇಗವನ್ನೂ ಕೌಶಲವನ್ನೂ ಮೆಚ್ಚುವುದು ತಪ್ಪಲ್ಲ. ಸಾವನ್ನು ಮೆಚ್ಚುವುದು ತಪ್ಪು.

ಹಾಗಾದರೆ ಕಲ್ಲೆಸೆದು ಬಿಡಿಸಹೋದ ದಯಾಳುವಿನ ಗತಿಯೇನು? ಅವನಿಗೆ ಶಿಬಿಯ ಕಥೆಯಲ್ಲಿ ಉತ್ತರವಿದೆ. ಮಹಾಭಾರತದಲ್ಲಿಯೂ ಬೌದ್ಧರ ಕಥೆಗಳಲ್ಲಿಯೂ ಬರುವ ಈ ವೃತ್ತಾಂತವನ್ನು ಎಲ್ಲರೂ ಬಲ್ಲರು. ಪಾರಿವಾಳವು ರಾಜನ ಮಡಿಲಿಗೆ ಬಿತ್ತು, ಗಿಡುಗವು ತನ್ನ ಆಹಾರವನ್ನು ಕೇಳಿತು. ಬಹುಜನರು ಶಿಬಿಯ ತ್ಯಾಗವನ್ನು ಹೊಗಳಿ ಕಥೆಯನ್ನು ಮುಗಿಸುವರು. ಗಿಡುಗದ ವಾದವನ್ನು ಮರೆಯುವರು. ಆಹಾರವನ್ನು ಕಸಿದುಕೊಂಡರೆ ತಾನೂ ತನ್ನ ಹೆಂಡಿರು ಮಕ್ಕಳೂ ಸಾಯುವೆವು, ಒಂದು ಜೀವವನ್ನುಳಿಸಿ ಹಲವು ಜೀವಗಳನ್ನು ಕೊಲ್ಲುವುದು ಯಾವ ಧರ್ಮವೆಂಬುದೇ ಅದರ ವಾದ. ರಾಜನು ಈ ವಾದವನ್ನು ತಳ್ಳಿಹಾಕಲಿಲ್ಲವೆಂಬುದೇ ಕಥೆಯ ಹೃದಯ. ಅವನು ಗಿಡುಗವನ್ನು ಗದರಿಸಲಿಲ್ಲ, ಉಪವಾಸ ಕಳುಹಿಸಲಿಲ್ಲ. ಅದರ ಹಸಿವೆಯನ್ನೂ ನ್ಯಾಯವೆಂದು ಒಪ್ಪಿ ತನ್ನ ತೊಡೆಯನ್ನು ಕೊಯ್ದು ತೂಗಿದನು. ಮಾಂಸವೆಷ್ಟಿಟ್ಟರೂ ಸಾಲದೆ ಹೋಗಲು ತಾನೇ ತಕ್ಕಡಿಯನ್ನು ಏರಿದನು.

ಏರಿಯ ಮೇಲಿಂದ ಚಪ್ಪಾಳೆ ತಟ್ಟುವವನು ತಕ್ಕಡಿಯಲ್ಲಿ ಇಟ್ಟುದೇನು? ಏನೂ ಇಲ್ಲ. ನಾಮದ ಕೋಳಿಗೆ ಜೀವದಾನ ಮಾಡಿದ ಪುಣ್ಯ ತನಗೆ, ಅದರ ಬೆಲೆಯೋ ಗಿಡುಗಕ್ಕೆ. ಬಹುದೂರದಿಂದ ಬಂದ ಆ ಹಕ್ಕಿಯು ಬೆಳಗಿನಿಂದ ಹಲವು ಸಲ ಬರಿಗಾಲಿನಲ್ಲಿ ಎದ್ದಿರಬಹುದು. ಈಗ ಮತ್ತೊಂದು ಹಕ್ಕಿಯ ಮೇಲೆ ಎರಗಲೇಬೇಕು. ಅಂದಮೇಲೆ ಚಪ್ಪಾಳೆಯಿಂದ ಒಂದು ಜೀವ ಉಳಿಯಿತೆಂಬುದೂ ನಿಜವಲ್ಲ. ಸಾವು ನೋಡುವವನ ಕಣ್ಣಿನಿಂದ ಮರೆಯಾಯಿತೆಂಬುದಷ್ಟೇ ನಿಜ. ತನ್ನ ಮನಸ್ಸಿನ ಕಳವಳವನ್ನು ಕಳೆದುಕೊಳ್ಳುವುದಕ್ಕೂ ಪರರ ದುಃಖವನ್ನು ಕಳೆಯುವುದಕ್ಕೂ ಬಹಳ ಅಂತರವಿದೆ.

ಇಲ್ಲಿ ಒಂದು ಆಕ್ಷೇಪವು ಬರುವುದು. ಹಾಗಾದರೆ ಅಂಗಳದ ಕೋಳಿಮರಿಯ ಮೇಲೆ ಹದ್ದು ಎರಗಿದಾಗಲೂ ಸುಮ್ಮನಿರಬೇಕೆ? ಹದ್ದಿನ ನೆರಳು ಕಂಡೊಡನೆ ಮನೆಯ ಹೆಂಗಸರು ಕೂಗಿ, ಮರಿಗಳ ಮೇಲೆ ಬುಟ್ಟಿಯನ್ನು ಕವುಚುವುದು ಅಧರ್ಮವೆ? ಅಲ್ಲ. ಮರಿಗಳನ್ನು ತಂದು ಸಾಕಿದವನು ಅವುಗಳ ಭಾರವನ್ನು ಹೊತ್ತಿರುವನು. ಆಶ್ರಿತರ ರಕ್ಷಣೆ ಗೃಹಸ್ಥನಿಗೆ ವಿಹಿತವಾದುದು. ಆದರೆ ಆ ರಕ್ಷಣೆಗೂ ಎಲ್ಲೆಯುಂಟು. ಬುಟ್ಟಿ ಕವುಚುವುದು ರಕ್ಷಣೆ. ಸತ್ತ ಕೋಳಿಗೆ ವಿಷ ಸವರಿ ಬಯಲಲ್ಲಿ ಇಡುವುದು ಸೇಡು. ಮೊದಲನೆಯದು ಮರಿಯನ್ನು ಕಾಯುವುದು, ಎರಡನೆಯದು ತಪ್ಪಿಲ್ಲದ ಎಷ್ಟೋ ಹಕ್ಕಿ ನಾಯಿ ನರಿಗಳನ್ನು ಕೊಲ್ಲುವುದು. ಕೆರೆಯ ನಾಮದ ಕೋಳಿಯನ್ನು ಯಾರೂ ಸಾಕಿದವರಲ್ಲ. ಅದಕ್ಕೆ ಕೆರೆಯೇ ಬುಟ್ಟಿ, ಹಿಂಡೇ ಕಾವಲು.

ಎರಡನೆಯ ಆಕ್ಷೇಪವು ಉದಾಸೀನನದು. ಗಿಡುಗಕ್ಕೆ ಪಾಪವಿಲ್ಲ, ಬಿಡಿಸುವುದು ನೋಡುವವನ ಕೆಲಸವಲ್ಲ ಎಂದಮೇಲೆ ಅವನಿಗೆ ಯಾವ ಹೊಣೆಯೂ ಇಲ್ಲವೆಂದಾಯಿತಲ್ಲವೆ? ಇದಕ್ಕೆ ಸಮಾಧಾನವನ್ನು ಪುರಾಣದಿಂದಲ್ಲ, ಇತ್ತೀಚಿನ ಇತಿಹಾಸದಿಂದಲೇ ಹೇಳಬಹುದು.

ಭಾರತದ ಆಕಾಶದಲ್ಲಿ ಒಂದು ಕಾಲಕ್ಕೆ ರಣಹದ್ದುಗಳು ಲೆಕ್ಕವಿಲ್ಲದಷ್ಟಿದ್ದುವು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ ಎಂಬ ಪ್ರಸಿದ್ಧ ಜೌಗುಪ್ರದೇಶದಲ್ಲಿ ಅವು ಕುತ್ತಿಗೆ ಜೋಲಿಸಿ ಸಾಯುತ್ತಿರುವುದು ಗಮನಕ್ಕೆ ಬಂತು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಅಳಿದುವು. ಕಾರಣವು 2004ರಲ್ಲಿ ಪ್ರಕಟವಾಯಿತು. ದನಕರುಗಳ ನೋವಿಗೂ ಬಾವಿಗೂ ಕೊಡುತ್ತಿದ್ದ ಡೈಕ್ಲೋಫೆನ್ಯಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ಇಲ್ಲಿ ಕೊಂದುದು ಕ್ರೌರ್ಯವಲ್ಲ, ದಯೆ. ನರಳುವ ಎತ್ತನ್ನು ಕಂಡು ಮರುಗಿದ ರೈತನು ಸೂಜಿಮದ್ದು ಹಾಕಿಸಿದನು. ಆ ಮರುಕವು ಎತ್ತನ್ನು ಕಂಡಿತು, ಎತ್ತಿನ ಆಚೆಗಿನ ಹಕ್ಕಿಯನ್ನು ಕಾಣಲಿಲ್ಲ.

ಆ ರೈತನನ್ನು ಪಾಪಿಯೆನ್ನಲಾಗದು, ಅವನು ಅರಿಯನು. ಆದರೆ ಅರಿತ ಮೇಲೆ ನ್ಯಾಯವು ಬದಲಾಗುವುದು. 2006ರಲ್ಲಿ ಭಾರತವು ಪಶುಗಳಿಗೆ ಆ ಔಷಧದ ಬಳಕೆಯನ್ನು ನಿಷೇಧಿಸಿತು; ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಎಂಬ ಬೇರೊಂದು ಔಷಧವೂ ದೊರೆಯಿತು. 2012ರಲ್ಲಿ ಕರ್ನಾಟಕದ ರಾಮದೇವರಬೆಟ್ಟವು ರಣಹದ್ದುಗಳ ಧಾಮವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನ್ಯಾಕ್ ಎಂಬ ಇನ್ನೆರಡು ಔಷಧಗಳನ್ನೂ ಪಶುಗಳಿಗೆ ಕೊಡಕೂಡದೆಂದು ವಿಧಿಸಲಾಯಿತು. ಇಂದು ಗೊತ್ತಿದ್ದೂ ಅಗ್ಗವೆಂದು ನಿಷಿದ್ಧ ಮದ್ದನ್ನು ಮಾರುವವನೂ ಕೊಳ್ಳುವವನೂ ಬಿಲ್ಲು ಹಿಡಿದ ಬೇಡನ ಸ್ಥಾನದಲ್ಲಿರುವರು. ಬಿಲ್ಲನ್ನು ಇಳಿಸುವ ದಾರಿ ಅವರಿಗೆ ಇದ್ದೇ ಇದೆ.

ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರ ವಸತಿಯಿದೆ. ಅವರ ತಾಯ್ನಾಡಿನಲ್ಲಿ ಮೃತರ ದೇಹವನ್ನು ರಣಹದ್ದುಗಳಿಗೆ ಅರ್ಪಿಸುವುದು ಪೂರ್ವಿಕರಿಂದ ಬಂದ ಪದ್ಧತಿ. ಅದನ್ನು ಅವರು ಮನುಷ್ಯನ ಕೊನೆಯ ದಾನವೆಂದು ಭಾವಿಸುವರು. ಇತರರು ಅಮಂಗಳವೆಂದು ಮುಖ ತಿರುಗಿಸುವ ಹಕ್ಕಿಯನ್ನು ದಾನಕ್ಕೆ ಪಾತ್ರವೆಂದು ಒಂದು ಜನಾಂಗವು ಗುರುತಿಸಿತು. ಶಿಬಿಯ ಕಥೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು.

ನೀರಿನ ಹಕ್ಕಿಗಳ ವಿಷಯದಲ್ಲಿಯೂ ಇಂಥದೇ ಪಾಠವೊಂದಿದೆ. ಅಮೇರಿಕದಲ್ಲಿ ಹುಳುಗಳನ್ನು ಕೊಲ್ಲಲು ಚೆಲ್ಲಿದ ಡಿ.ಡಿ.ಟಿ. ಎಂಬ ವಿಷವು ನೀರಿಗಿಳಿದು, ಸಣ್ಣ ಜೀವಿಗಳಿಂದ ಮೀನಿಗೂ ಮೀನಿನಿಂದ ಡೇಗೆಗೂ ಏರಿತು, ಏರಿದಂತೆಲ್ಲ ಸಾಂದ್ರವಾಯಿತು. ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಒಡೆಯತೊಡಗಿತು. 1962ರಲ್ಲಿ ರೇಚಲ್ ಕಾರ್ಸನ್ ಎಂಬ ವಿದುಷಿಯು ಇಂಥ ವಿಷಗಳ ಕುರಿತು ಗ್ರಂಥವನ್ನು ಬರೆದು ಜನರನ್ನು ಎಚ್ಚರಿಸಿದಳು. 1972ರಲ್ಲಿ ಆ ದೇಶದಲ್ಲಿ ಬೇಸಾಯಕ್ಕೆ ಅದರ ಬಳಕೆ ನಿಂತಿತು. ಮುಂದೆ ಡೇಗೆಗಳು ಮತ್ತೆ ಹೆಚ್ಚಿದುವು. ಪಂಕ್ತಿಯ ತುದಿಯಲ್ಲಿ ಕುಳಿತ ಹಕ್ಕಿಯು ಕೆಳಗಿನವರೆಲ್ಲರ ವಿಷವನ್ನು ಉಣ್ಣುವುದು. ಆದುದರಿಂದ ಕೆರೆಯೊಂದರಲ್ಲಿ ಬೇಟೆಯ ಹಕ್ಕಿಯು ವರ್ಷವರ್ಷವೂ ಕಾಣಿಸಿಕೊಳ್ಳುವುದು ಆ ಕೆರೆಯಲ್ಲಿ ಜೀವಕಳೆಯಿರುವುದಕ್ಕೆ ಲಕ್ಷಣ. ಅದು ಬಾರದೆ ಹೋದರೆ ನೀರುಹಕ್ಕಿಗಳಿಗೆ ಶತ್ರು ತೊಲಗಿತೆಂದು ಹಿಗ್ಗುವುದಕ್ಕಿಂತ, ನೀರಿಗೆ ಏನಾಯಿತೆಂದು ವಿಚಾರಿಸುವುದು ವಿವೇಕ.

ಇಷ್ಟರಿಂದ ನೋಡುವವನ ಹೊಣೆ ಎಲ್ಲಿದೆಯೆಂದು ಸ್ಪಷ್ಟವಾಗುವುದು. ಗಿಡುಗ ಮತ್ತು ನಾಮದ ಕೋಳಿಗಳ ನಡುವೆ ಅವನಿಗೆ ಕೆಲಸವಿಲ್ಲ. ಮನುಷ್ಯ ಮತ್ತು ಕೆರೆಗಳ ನಡುವೆ ಇದೆ. ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಮುರಿದ ಹದ್ದನ್ನು ಎತ್ತಿ ಉಪಚರಿಸುವುದು ಪ್ರಕೃತಿಯ ಕ್ರಮದಲ್ಲಿ ಕೈಹಾಕಿದಂತಲ್ಲ, ಮನುಷ್ಯನು ಮಾಡಿದ ಸಾಲವನ್ನು ಮನುಷ್ಯನೇ ತೀರಿಸಿದಂತೆ. ಹೊಲದ ವಿಷವು ನೀರಿಗಿಳಿಯದಂತೆ ನೋಡುವುದು, ನೀರಿನಲ್ಲಿ ಒಣಗಿ ನಿಂತ ಮರವನ್ನು ಸೌದೆಗೆಂದು ಕಡಿಯದೆ ಡೇಗೆಯ ಕೂರುಮಣೆಗೆ ಉಳಿಸುವುದು, ಹಾರುವ ಚಿತ್ರವನ್ನು ತೆಗೆಯಬೇಕೆಂದು ಕೂತ ಹಕ್ಕಿಯನ್ನು ಎಬ್ಬಿಸದಿರುವುದು, ಗೂಡಿನ ಹತ್ತಿರ ಹೋಗದಿರುವುದು, ಇವು ಅವನ ಕರ್ತವ್ಯಗಳು. ನೋಡಲು ಸಣ್ಣವು, ಆದರೆ ಇವುಗಳಲ್ಲಿ ಒಂದೊಂದಕ್ಕೂ ನೋಡುವವನು ತನ್ನದೇನನ್ನಾದರೂ ಬಿಟ್ಟುಕೊಡಬೇಕಾಗುವುದು. ಚಪ್ಪಾಳೆಗೆ ಆ ಬೆಲೆಯಿಲ್ಲ.

ಕೊನೆಯದಾಗಿ ಸತ್ಯದ ಮಾತು. ಕಂಡ ಹಕ್ಕಿಗಳನ್ನು ದಿನಾಂಕದೊಡನೆ ಬರೆದಿಡುವವರು ಈಗ ಊರೂರಿನಲ್ಲಿಯೂ ಇರುವರು. ಅವರ ಪಟ್ಟಿಗಳಿಂದಲೇ ಯಾವ ಹಕ್ಕಿ ಹೆಚ್ಚಿತು, ಯಾವುದು ಕುಗ್ಗಿತೆಂದು ತಿಳಿಯುವುದು. ಬಿಸಿಲಿನ ಝಳದಲ್ಲಿ ಬಹುದೂರದ ಹಕ್ಕಿಯೊಂದು ಕಂಡಾಗ, ಅದನ್ನು ಅಪರೂಪದ ಡೇಗೆಯೆಂದು ಬರೆದು ಹೆಮ್ಮೆಪಡುವ ಆಸೆ ಹುಟ್ಟುವುದು ಸಹಜ. ಬಾಲದ ಕವಲನ್ನಾಗಲಿ ಕಣ್ಣಿನ ಪಟ್ಟೆಯನ್ನಾಗಲಿ ನಿಶ್ಚಯವಾಗಿ ಕಾಣದವನು ಗುರುತು ಹತ್ತಲಿಲ್ಲವೆಂದೇ ಬರೆಯತಕ್ಕದ್ದು. ಯಾರೂ ಪರೀಕ್ಷಿಸಲಾರದ ಕಡೆಯಲ್ಲಿ, ತನಗೆ ಲಾಭವಿಲ್ಲದ ವಿಷಯದಲ್ಲಿ, ಕಂಡಷ್ಟನ್ನೇ ಹೇಳುವ ಅಭ್ಯಾಸವು ಮನೆಯ ಮಕ್ಕಳಿಗೆ ಕೆರೆಯ ಏರಿಯ ಮೇಲೆ ದೊರೆಯುವುದಾದರೆ, ಅದು ಮುಂದೆ ನ್ಯಾಯಾಸ್ಥಾನದಲ್ಲಿಯೂ ಅಂಗಡಿಯಲ್ಲಿಯೂ ಅವರ ಕೈಬಿಡಲಾರದು. ಕೊಲ್ಲುವುದನ್ನು ದ್ವೇಷಿಸದೆ, ಸಾಯುವುದಕ್ಕೆ ಮರುಗದೆಯೂ ಇರದೆ, ಎರಡನ್ನೂ ಇದ್ದಂತೆ ನೋಡಿ, ತನ್ನ ಪಾಲಿನ ಕೆಲಸವನ್ನು ಮಾಡುವವನೇ ನಿಜವಾದ ಪ್ರೇಕ್ಷಕನು.